ಪೋರ್ಟಿಕೋ ಮುಂದಿನ ಗುಂಡಿ

ಚಕ್ರಪಾಣಿ ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಸವೇಶ್ವರನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರದ ಮೇಷ್ಟ್ರು. ಹುಡುಗರು ಅವರಿಗೆ ಇಟ್ಟ ಹೆಸರು ‘ಮೂರನೇ ವಿಷಲ್’. ಕುಕ್ಕರ್ ಮೂರು ಸಲ ಕೂಗಿದರೆ ಒಲೆ ಆರಿಸಬಹುದು, ಇವರ ಒಲೆ ಆರಿಸುವವರು ಯಾರು ಎಂಬುದು ಹುಡುಗರ ಪ್ರಶ್ನೆ. ಹೆಂಡತಿ ಪಂಕಜಾ ಬ್ಯಾಂಕಿನಲ್ಲಿದ್ದರು. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಮರ ಕಡಿದ ಸುದ್ದಿ ಇರುವ ಪುಟವನ್ನು ಎತ್ತಿ ಫ್ರಿಡ್ಜಿನ ಮೇಲೆ ಇಟ್ಟುಬಿಡುತ್ತಿದ್ದರು.

"ತಿಂಡಿ ಆದ್ಮೇಲೆ ಓದ್ಕೊಳ್ಳಿ. ಮೊದ್ಲೇ ಓದಿದ್ರೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಅಂತ ನನ್ ಮೇಲೆ ಹಾರಾಡ್ತೀರ" ಎನ್ನುತ್ತಿದ್ದರು.

ಸಿಟ್ಟಿಗೆ ಕಾರಣಗಳ ಬರವಂತೂ ಇರಲಿಲ್ಲ. ಅದು ಎರಡು ಸಾವಿರದ ಎಂಟನೇ ಇಸವಿ. ರಸ್ತೆ ಅಗಲವಾಗಬೇಕು, ಮೆಟ್ರೋ ಬರಬೇಕು ಎಂದು ರಸ್ತೆ ಬದಿಯ ಮರಗಳಿಗೆ ಒಂದೊಂದಾಗಿ ನಂಬರ್ ಬೀಳುತ್ತಿತ್ತು. ನಂಬರ್ ಬಿದ್ದ ಮರದ ಜಾಗದಲ್ಲಿ ಸ್ವಲ್ಪ ದಿನಕ್ಕೆ ಬರೀ ಆಕಾಶ. ದೀಪಾಂಜಲಿ ನಗರದ ಹತ್ತಿರ ವೃಷಭಾವತಿ ಬಂದಾಗ ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು, ದಾಟಿದ ಮೇಲೆ ಒಟ್ಟಿಗೆ ಮರೆಯುತ್ತಿದ್ದರು. ಮೇಷ್ಟ್ರು ಮಾತ್ರ ಮರೆಯದೆ ಕಂಡಕ್ಟರ್ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. "ನದಿ ನಾನ್ ಗಬ್ಬೆಬ್ಬಿಸಿದ್ನಾ ಸಾರ್?" ಎಂದು ಅವನು ಕೇಳಿದರೆ, "ನೀನಲ್ದೆ ಇನ್ಯಾರಯ್ಯ, ನಾವೆಲ್ರೂ ತಾನೇ!" ಎಂದು ಇಡೀ ಬಸ್ಸಿಗೆ ಸೇರಿಸಿ ಬೈಯುತ್ತಿದ್ದರು.

ಇವೆಲ್ಲ ಹೊರಗಿನ ಸಿಟ್ಟು. ಅವರನ್ನು ನಿತ್ಯ ಬೇಯಿಸುತ್ತಿದ್ದದ್ದು ಕಾಲೇಜಿನ ಒಳಗಿನದು. ಗಿಡದ ಮೇಷ್ಟ್ರು ತಾನೇ, ಗಿಡ ನೆಡಿಸಲಿ ಎಂದು ಕೆಲಸಕ್ಕೆ ಸೇರಿದ ವರ್ಷವೇ ಪರಿಸರ ಸಂಘವನ್ನು ಅವರ ಕೊರಳಿಗೆ ಕಟ್ಟಿದ್ದರು. ಆಮೇಲೆ ಅದನ್ನು ಬಿಚ್ಚಿ ತಮ್ಮ ಕೊರಳಿಗೆ ಹಾಕಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಕಾಲೇಜು ಹುಡುಗರಿಗೆಂದು ಪರಿಸರದ ಹೆಸರಿನಲ್ಲಿ ಏನೇನೋ ಬರುತ್ತಿತ್ತು. ಕೆರೆ ಅಧ್ಯಯನ ಶಿಬಿರ, ಪಕ್ಷಿ ಗಣತಿ, ಹವಾಮಾನ ಬದಲಾವಣೆಯ ಬಗ್ಗೆ ವಿಚಾರ ಸಂಕಿರಣ, ರಜೆಯಲ್ಲಿ ಕಾಡಿನಲ್ಲಿ ಕೆಲಸ ಮಾಡುವ ಅವಕಾಶ. ಎಲ್ಲದರ ಪೋಸ್ಟರೂ ಮೊದಲು ಆಫೀಸಿಗೆ ಹೋಗಿ, ಅಲ್ಲಿ ಯಾರದೋ ಟೇಬಲ್ಲಿನ ಗಾಜಿನಡಿ ಮಲಗಿ, ಕೊನೆಯ ದಿನಾಂಕ ಕಳೆದ ಮೇಲೆ ನೋಟಿಸ್ ಬೋರ್ಡಿಗೆ ಏರುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಪ್ಪಿತಪ್ಪಿ ಒಂದು ಸಮಯಕ್ಕೆ ಸಿಕ್ಕರೆ ಹುಡುಗರ ಮೊದಲ ಪ್ರಶ್ನೆ, "ಸಾರ್, ಅಟೆಂಡೆನ್ಸ್ ಕೊಡ್ತೀರಾ? ಟೀ ಶರ್ಟ್ ಇದ್ಯಾ?" ಭೂಮಿ ಬಿಸಿಯಾಗುತ್ತಿದೆ ಎಂದು ಇವರು ಬಾಯಿ ಒಣಗಿಸಿಕೊಂಡರೆ ಹಿಂದಿನ ಬೆಂಚಿನಿಂದ, "ಫ್ಯಾನ್ ಜೋರು ಮಾಡೋ ಮಗಾ" ಎಂಬ ದನಿ ಬರುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವರ ಸಂಘದಿಂದ ಒಬ್ಬ ವಿದ್ಯಾರ್ಥಿಯೂ ಯಾವ ಶಿಬಿರಕ್ಕೂ ಹೋಗಿರಲಿಲ್ಲ. ಒಬ್ಬರನ್ನಾದರೂ ಕಳಿಸಬೇಕೆಂಬುದು ಮೇಷ್ಟ್ರ ಹಠವಾಗಿಬಿಟ್ಟಿತ್ತು.

ಇನ್ನು ಆ ಗುಂಡಿ. ಕಾಲೇಜಿನ ಪೋರ್ಟಿಕೋ ಮುಂದೆ, ಕಾಂಕ್ರೀಟು ಒಡೆದು ಮಾಡಿದ ಒಂದು ಗುಂಡಿ ಇತ್ತು. ವನಮಹೋತ್ಸವಕ್ಕೆ ಬಂದ ಮುಖ್ಯ ಅತಿಥಿ ಅಲ್ಲೇ ಸಸಿ ನೆಡಬೇಕು. ಅಲ್ಲಿ ನಿಂತರೆ ಫೋಟೋದಲ್ಲಿ ಹಿಂದೆ ಕಾಲೇಜಿನ ಹೆಸರು ಪೂರ್ತಿ ಬರುತ್ತಿತ್ತು. ನೆಟ್ಟ ಸಸಿಗೆ ಮರುದಿನದಿಂದ ನೀರಿಲ್ಲ. ಯುಗಾದಿಯ ಹೊತ್ತಿಗೆ ಅದು ಒಣಕಡ್ಡಿ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಹೊಸ ಸಸಿ, ಹೊಸ ಅತಿಥಿ. ಕಾಲೇಜಿಗೆ ಅಂತ ಮಾಲಿ ಇರಲಿಲ್ಲ. ಟ್ರಸ್ಟಿನ ಅಧ್ಯಕ್ಷರ ರಾಜಾಜಿನಗರದ ಮನೆಯ ತೋಟ ನೋಡಿಕೊಳ್ಳುವ ಬೆಟ್ಟಯ್ಯ ಸಮಾರಂಭ ಇದ್ದಾಗ ಮಾತ್ರ ಬಂದು ಹೋಗುತ್ತಿದ್ದ. ಶಾಮಿಯಾನ ಏಳುತ್ತದೆಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಬೆಳಗಾಗುವ ಮುಂಚೆ ಬಂದು ಹಳೆಯದನ್ನು ಕಿತ್ತು, ಮಣ್ಣು ಸಡಿಲ ಮಾಡಿ, ಗುಂಡಿಯ ಸುತ್ತ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಸುಣ್ಣದ ಗೆರೆ ಎಳೆದು ನಿಲ್ಲುತ್ತಿದ್ದ. ಪೂಜೆಗೆ ಅಣಿ ಮಾಡಿದಷ್ಟು ಅಚ್ಚುಕಟ್ಟು. ಮೇಷ್ಟ್ರು ಹೋಗುತ್ತ ಬರುತ್ತ "ಏನಪ್ಪ ಬೆಟ್ಟಯ್ಯ" ಎನ್ನುತ್ತಿದ್ದರು. ಇಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತು ನಡೆದದ್ದಿಲ್ಲ.

ಆ ವರ್ಷ ಜುಲೈನಲ್ಲಿ ಯಾರೋ ಮುಖಂಡರು ಬಂದು ಹೊಂಗೆ ಸಸಿ ನೆಟ್ಟರು. ಮರುದಿನ ಕೊನೆಯ ವರ್ಷದ ಬಿಎಸ್ಸಿ ತರಗತಿಯಲ್ಲಿ ಒಬ್ಬಳು ಹುಡುಗಿ ಎದ್ದು ನಿಂತಳು. ನೀಲಾಂಬಿಕಾ. ಕೊಪ್ಪಳದ ಕಡೆಯವಳು. ಅಪ್ಪ ಈರಪ್ಪ ನಾಗರಬಾವಿ ಸುತ್ತಮುತ್ತ ಕಟ್ಟಡಗಳಿಗೆ ನಲ್ಲಿ, ಪೈಪು ಹಾಕುವ ಕೆಲಸಕ್ಕೆ ಹೋಗುತ್ತಿದ್ದ. ಮನೆ ಮೂಡಲಪಾಳ್ಯದಲ್ಲಿ.

"ಸರ, ನಿನ್ನೆ ಹೊಂಗಿ ಗಿಡ ಹಚ್ಚಿದ್ರಲ್ರಿ. ಅದಕ್ಕ ನೀರ ಯಾರ ಹಾಕ್ತಾರ್ರಿ?"

ಯಾರೂ ಕೇಳದ ಪ್ರಶ್ನೆ. ಮೇಷ್ಟ್ರು ತಬ್ಬಿಬ್ಬಾಗಿ ನಿಜವನ್ನೇ ಹೇಳಿದರು. "ಯಾರೂ ಹಾಕಲ್ಲಮ್ಮ."

"ಮತ್ಯಾಕ ಹಚ್ಚಿದ್ರಿ?"

ಕ್ಲಾಸು ನಕ್ಕಿತು. ಮೇಷ್ಟ್ರಿಗೆ ನಗು ಬರಲಿಲ್ಲ. ಆ ಮಧ್ಯಾಹ್ನ ಪ್ರಿನ್ಸಿಪಾಲ್ ಪುರುಷೋತ್ತಮ ಅವರ ಚೇಂಬರಿಗೆ ನುಗ್ಗಿ ಅದೇ ಪ್ರಶ್ನೆಯನ್ನು ಇನ್ನೂ ಎತ್ತರದ ದನಿಯಲ್ಲಿ ಕೇಳಿದರು. ಪ್ರಿನ್ಸಿಪಾಲರು ಕಾಫಿ ತರಿಸಿಕೊಟ್ಟು ಸಮಾಧಾನ ಮಾಡಿ ಕಳಿಸಿದರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಹುಡುಗಿ ಮಾತ್ರ ಸುಮ್ಮನೆ ಕೂರಲಿಲ್ಲ. ಕ್ಯಾಂಟೀನಿನಲ್ಲಿ ಲೋಟ ತೊಳೆಯುವುದನ್ನು ಒಂದು ವಾರ ನೋಡಿದಳು. ಮೊದಲ ತೊಳೆತದ ನೀರು ಸೋಪಿನದು, ಗಿಡಕ್ಕಾಗದು. ಎರಡನೆಯ ಸಲ ಅಲುಬಿದ ನೀರು ಪರವಾಗಿಲ್ಲ, ಅದು ಸುಮ್ಮನೆ ಮೋರಿಗೆ ಹೋಗುತ್ತಿತ್ತು. ಕ್ಯಾಂಟೀನಿನವರನ್ನು ಕಾಡಿ ಬೇಡಿ ಎರಡಕ್ಕೂ ಬೇರೆ ಬೇರೆ ತೊಟ್ಟಿ ಮಾಡಿಸಿದಳು. ಒಡೆದ ಮಡಕೆಗೆ ಮರಳು, ಇದ್ದಿಲು ತುಂಬಿ ಸೋಸುವ ವ್ಯವಸ್ಥೆ ಮಾಡಿದಳು. ಅಪ್ಪನಿಂದ ಉಳಿದ ಪೈಪಿನ ತುಂಡುಗಳನ್ನು ತರಿಸಿ, ಗೋಡೆಯಂಚಿನಲ್ಲೇ ಹಾಯಿಸಿ, ಹೊಂಗೆಯ ಬುಡಕ್ಕೆ ತಂದು ಬಿಟ್ಟಳು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲೇಜಿನಲ್ಲಿ ಒಂದು ಹನಿ ಹೊಸ ನೀರು ಕೇಳದೆ ಹೊಂಗೆ ಚಿಗುರಿತು. ದಸರಾ ಹೊತ್ತಿಗೆ ಮೊಳಕಾಲು ಮುಟ್ಟಿತು, ಸಂಕ್ರಾಂತಿ ಕಳೆಯುವಾಗ ಸೊಂಟಕ್ಕೆ ಬಂತು. ಮೇಷ್ಟ್ರು ದಿನಾ ಸ್ಕೂಟರ್ ನಿಲ್ಲಿಸಿದ ಕೂಡಲೇ ಅದರ ಎಲೆ ತಿರುಗಿಸಿ ನೋಡಿ ಆಮೇಲೆ ಒಳಗೆ ಹೋಗುತ್ತಿದ್ದರು. ಆ ತಿಂಗಳುಗಳಲ್ಲಿ ಪಂಕಜಾ ಪೇಪರ್ ಮುಚ್ಚಿಡುವುದನ್ನೂ ಕಡಿಮೆ ಮಾಡಿದ್ದರು.

ಅದೇ ಸಮಯದಲ್ಲಿ ಒಂದು ಪೋಸ್ಟರ್ ಆಫೀಸಿನ ಗಾಜಿನಡಿ ಹೋಗುವ ಮುಂಚೆಯೇ ಮೇಷ್ಟ್ರ ಕೈಗೆ ಸಿಕ್ಕಿತು. ಡೆಹ್ರಾಡೂನಿನ ಹತ್ತಿರ ಒಂದು ತಿಂಗಳ ಯುವ ಹವಾಮಾನ ಶಿಬಿರ. ಹಿಮನದಿಗಳ ಮೇಲೆ ಕೆಲಸ ಮಾಡುವ ವಿಜ್ಞಾನಿಗಳ ಜೊತೆ ಓಡಾಟ, ಚೆನ್ನಾಗಿ ಮಾಡಿದವರಿಗೆ ಅಲ್ಲಿಯೇ ಮುಂದೆ ಓದುವ ದಾರಿ. ಕೊನೆಯ ವರ್ಷದಲ್ಲಿರುವವರಿಗೆ ಇದೊಂದೇ ಸಲ. ಫೋಟೋ ಕಳಿಸಿ ಮೋಸ ಮಾಡುವ ಕಾಲೇಜುಗಳು ಬಹಳವಾಗಿದ್ದವಂತೆ, ಹಾಗಾಗಿ ತಂಡವೇ ಬಂದು ವಿದ್ಯಾರ್ಥಿ ಮಾಡಿದ ಕೆಲಸವನ್ನು ಕಣ್ಣಾರೆ ನೋಡುತ್ತದೆ. ನೀಲಾಂಬಿಕಾ ಬರೆದು ಕಳಿಸಿದಳು. ಮೊದಲ ಸುತ್ತಿನಲ್ಲಿ ಆಯ್ಕೆಯಾದಳು. ಫೆಬ್ರವರಿಯ ಒಂದು ಶನಿವಾರ ತಂಡ ಬರುವುದೆಂದು ಗೊತ್ತಾಯಿತು.

"ಹಿಮ ಹ್ಯಾಂಗಿರತದ್ರಿ ಸರ?" ಎಂದು ಅವಳು ಒಮ್ಮೆ ಕೇಳಿದ್ದಳು. ಮೇಷ್ಟ್ರೂ ನೋಡಿರಲಿಲ್ಲ. "ನೀನೇ ಹೋಗಿ ನೋಡ್ಕೊಂಡ್ ಬಂದು ನನಗೆ ಹೇಳಮ್ಮ" ಎಂದಿದ್ದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ತಂಡ ಬರುವ ಸುದ್ದಿ ತಿಳಿದು ಪ್ರಿನ್ಸಿಪಾಲರಿಗೆ ಉತ್ಸಾಹ ಉಕ್ಕಿತು. ಶಾಮಿಯಾನ, ಮೈಕು, ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ, ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ಬರೆದ ದೊಡ್ಡ ಪ್ಲಾಸ್ಟಿಕ್ ಬ್ಯಾನರು. ಬಂದವರ ಕೈಯಲ್ಲಿ ಸಸಿ ನೆಡಿಸದೆ ಕಳಿಸುವುದು ಹೇಗೆ? ಮೇಷ್ಟ್ರು ಅದಕ್ಕೂ ಜಗಳ ತೆಗೆದು, ಲೈಬ್ರರಿ ಹಿಂದೆ ಬೇರೆ ಜಾಗ ಗೊತ್ತು ಮಾಡಿದರು. ಪೋರ್ಟಿಕೋ ಗಿಡವನ್ನು ಯಾರೂ ಮುಟ್ಟಕೂಡದೆಂದು ಪ್ರಿನ್ಸಿಪಾಲರಿಗೆ ಹೇಳಿದರು, ಸ್ಟಾಫ್ ರೂಮಿನಲ್ಲಿ ಹೇಳಿದರು, ಎಲ್ಲ ತರಗತಿಗಳಲ್ಲೂ ಹೇಳಿದರು, ಹಸು ಬಿಟ್ಟುಕೊಳ್ಳಬೇಡ ಎಂದು ವಾಚ್‌ಮನ್‌ಗೂ ಹೇಳಿದರು. ಸಾಲದೆಂದು ಇಂಗ್ಲಿಷಿನಲ್ಲಿ ಒಂದು ಬೋರ್ಡು ಬರೆಸಿ ಗಿಡದ ಪಕ್ಕ ನೆಟ್ಟರು.

"ಕನ್ನಡದಾಗೂ ಬರಸೋಣೇನ್ರಿ ಸರ?" ಎಂದಳು ನೀಲಾಂಬಿಕಾ.

"ಬರೋರು ಹೊರಗಿನೋರಮ್ಮ, ಅವ್ರಿಗೆ ಅರ್ಥ ಆಗ್ಬೇಡ್ವಾ?" ಎಂದರು ಮೇಷ್ಟ್ರು.

ಶನಿವಾರ ಬೆಳಿಗ್ಗೆ ಮೇಷ್ಟ್ರು ಗೇಟು ದಾಟುವಾಗಲೇ ಹೊಗೆಯ ವಾಸನೆ ಬಂತು. ಹಿತ್ತಲಿನಲ್ಲಿ ಯಾರೋ ತರಗೆಲೆ ಗುಡಿಸಿ ಬೆಂಕಿ ಹಾಕಿದ್ದರು. ಹವಾಮಾನ ತಂಡ ಬರುವ ದಿನವೇ ಹೊಗೆ! ಬೈಯಲು ಬಾಯಿ ತೆರೆದುಕೊಂಡೇ ಸ್ಕೂಟರ್ ನಿಲ್ಲಿಸಿದವರು ಪೋರ್ಟಿಕೋ ಕಡೆ ತಿರುಗಿ ಹಾಗೇ ನಿಂತುಬಿಟ್ಟರು. ಗುಂಡಿಯ ಸುತ್ತ ಕೆಮ್ಮಣ್ಣು ಸಾರಿಸಿತ್ತು. ಅದರ ಮೇಲೆ ಸುಣ್ಣದ ಗೆರೆ ಎಳೆದಿತ್ತು. ನಡುವೆ ಸಡಿಲವಾದ ಹಸಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಪೈಪನ್ನು ಬಿಚ್ಚಿ ಗೋಡೆಗೆ ಒರಗಿಸಿತ್ತು.

ಬೆಟ್ಟಯ್ಯ ತಲೆಯ ಟವೆಲು ತೆಗೆದು ಕೈ ಮುಗಿದ. "ಎಲ್ಲಾ ರೆಡಿ ಸಾರ್. ಯಾರ್ದೋ ಇಂಗ್ಲಿಷ್ ಅಡ್ವಟೇಜ್‌ಮೆಂಟ್ ಬೋರ್ಡ್ ಮಡಗಿದ್ರು, ಒರೆಸಿ ಒಳೀಕ್ಕೆ ಎತ್ತಿಟ್ಟಿವ್ನಿ."

"ಗಿಡ ಎಲ್ಲಯ್ಯಾ? ಕೀಳು ಅಂತ ಯಾರು ಹೇಳಿದ್ರು ನಿಂಗೆ?" ಮೇಷ್ಟ್ರ ಕೂಗಿಗೆ ಶಾಮಿಯಾನದವರು ಕೆಲಸ ನಿಲ್ಲಿಸಿದರು.

"ಯಾರೂ ಯೋಳ್ಳಿಲ್ಲ ಸಾರ್" ಎಂದ ಬೆಟ್ಟಯ್ಯ ಗಾಬರಿಯಾಗಿ. "ಇದ್ರಾಗೆ ಯೋಳೋದೇನೈತೆ? ಶಾಮಿಯಾನ ಅಂದ್ರು, ಬಂದೆ. ಈ ಸಲ ಬೇರು ಗಟ್ಟಿಗಿತ್ತು, ಕೀಳಕ್ಕೆ ಸ್ಯಾನೆ ಕಷ್ಟ ಆಯ್ತು."

ನಿಜ, ಯಾರೂ ಹೇಳಿರಲಿಲ್ಲ. ಹಸು ಬರದಂತೆ ಕಾಯುವ ವಾಚ್‌ಮನ್‌ಗೂ ಹೇಳಿದ್ದ ಮೇಷ್ಟ್ರು, ಗಿಡ ಕೀಳುವ ಕೈಗೆ ಒಂದು ಮಾತು ಹೇಳಿರಲಿಲ್ಲ. ಅದು ಅವರಿಗೆ ಆಗಲೇ ಹೊಳೆಯಿತು, ಹೊಳೆದದ್ದರಿಂದ ಸಿಟ್ಟು ಇನ್ನಷ್ಟು ಏರಿತು. ಹಿತ್ತಲಿಗೆ ಓಡಿದರು. ಬೆಂಕಿಯ ಪಕ್ಕದಲ್ಲಿ ಹೊಂಗೆ ಬಿದ್ದಿತ್ತು. ಎಲೆ ಇನ್ನೂ ಹಸಿರು. ತಾಯಿಬೇರು ಗೇಣುದ್ದಕ್ಕೆ ಮುರಿದು ಹೋಗಿತ್ತು.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. ಅವರ ಮುಖದಲ್ಲಿ ಯೋಚನೆಗಿಂತ ಮೊದಲೇ ಉಪಾಯ ಕಾಣಿಸಿತು.

"ಚಕ್ರಪಾಣಿ, ಕೂಗಾಡಬೇಡ್ರಿ. ವಾಪಸ್ ಗುಂಡೀಲಿ ನಿಲ್ಸಿ, ಮಣ್ಣು ಒತ್ತಿ, ನೀರು ಹಾಕಿ. ಬೋರ್ಡು, ಪೈಪು ಇಡ್ಸಿ. ಹತ್ತು ಗಂಟೆಗೆ ಬರ್ತಾರೆ, ಅರ್ಧ ಗಂಟೆ ನೋಡಿ ಹೋಗ್ತಾರೆ. ಅಷ್ಟೊತ್ತು ನಿಲ್ಲಲ್ವಾ?"

"ಬೇರೇ ಇಲ್ಲ ಸಾರ್ ಅದಕ್ಕೆ!"

"ಬೇರು ಯಾರ್ರೀ ನೋಡ್ತಾರೆ? ಆ ಹುಡುಗಿ ಭವಿಷ್ಯ ನೋಡಿ. ನಿಮ್ಮ ಹಠಕ್ಕೆ ಅವಳ ಸೀಟು ಕಳೀತೀರಾ?"

ಬೇರೆ ಯಾವ ಮಾತಿಗೂ ಮೇಷ್ಟ್ರು ಬಗ್ಗುತ್ತಿರಲಿಲ್ಲ. ಡೆಹ್ರಾಡೂನು, ಹಿಮ, ಇಷ್ಟು ವರ್ಷ ಯಾರನ್ನೂ ಎಲ್ಲಿಗೂ ಕಳಿಸದ ತಮ್ಮ ಸಂಘ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ತಾವೇ ಗುಂಡಿಯ ಮುಂದೆ ಮಂಡಿಯೂರಿ ಹೊಂಗೆಯನ್ನು ನಿಲ್ಲಿಸಿದರು. ಬೆಟ್ಟಯ್ಯ ಏನೂ ಅರ್ಥವಾಗದೆ ಮಣ್ಣು ಒತ್ತಿದ.

ನೀಲಾಂಬಿಕಾ ಒಂಬತ್ತಕ್ಕೆ ಬಂದಳು. ಇಸ್ತ್ರಿ ಮಾಡಿದ ಹಳದಿ ಚೂಡಿದಾರ, ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ. ದಿನಾ ಅಪ್ಪಿಕೊಂಡಷ್ಟು ಹತ್ತಿರದಿಂದ ನೋಡಿದ ಗಿಡ, ಏನೋ ಆಗಿದೆಯೆಂದು ದೂರದಿಂದಲೇ ಗೊತ್ತಾಯಿತು. ಅದು ಬಿಸಿಲಿನ ಕಡೆ ಬಾಗಿದ್ದ ಗಿಡ, ಈಗ ಗೋಡೆಯ ಕಡೆ ಬಾಗಿತ್ತು.

"ಸರ, ಇದು..."

"ಗೊತ್ತಮ್ಮ, ಗೊತ್ತು. ನೀನೇನೂ ಮಾತಾಡ್ಬೇಡ. ಗಿಡದ ವಿಷಯ ಕೇಳಿದ್ರೆ ನಾನ್ ಹೇಳ್ತೀನಿ."

ಅವಳು ತಲೆಯಾಡಿಸಿದಳು. ಸರ್ ಹೇಳುತ್ತಾರೆ ಎಂದರೆ ಹೇಳುತ್ತಾರೆ. ಪ್ರಿನ್ಸಿಪಾಲರಿಗೇ ಹೆದರದ ಸರ್ ಅಲ್ಲವೇ!

ಹತ್ತು ಗಂಟೆಗೆ ಯಾರೂ ಬರಲಿಲ್ಲ. ಹನ್ನೊಂದಾಯಿತು. ತಂಡ ಕೆಂಗೇರಿಯ ಒಂದು ಕಾಲೇಜಿನಲ್ಲಿ ಸನ್ಮಾನಕ್ಕೆ ಸಿಕ್ಕಿಹಾಕಿಕೊಂಡಿತ್ತು. ಆಮೇಲೆ ಮೈಸೂರು ರಸ್ತೆಯ ಟ್ರಾಫಿಕ್ಕಿಗೆ ಸಿಕ್ಕಿತು. ಫೆಬ್ರವರಿಯ ಬಿಸಿಲು ಗುಂಡಿಗೆ ನೇರ ಬಿತ್ತು. ಹೊಂಗೆಯ ಚಿಗುರು ಮೊದಲು ಬಗ್ಗಿತು, ಆಮೇಲೆ ಒಂದೊಂದೇ ಎಲೆ ಕೈಚೆಲ್ಲಿತು. ಪ್ರಿನ್ಸಿಪಾಲರು ಅಟೆಂಡರನ್ನು ಕರೆದು ಗಿಡಕ್ಕೆ ಕೊಡೆ ಹಿಡಿಸಿದರು. ಕಪ್ಪು ಕೊಡೆಯಡಿ ಅಟೆಂಡರು ಬೆವರುತ್ತ ನಿಂತ. ಹುಡುಗರು ಮೊದಲ ಮಹಡಿಯಿಂದ ನೋಡಿ, "ಗುರು, ಗಿಡಕ್ಕೆ ವಿಐಪಿ ಸೆಕ್ಯೂರಿಟಿ" ಎಂದು ಕೂಗಿದರು. ಬೇರೆ ದಿನವಾಗಿದ್ದರೆ ಮೇಷ್ಟ್ರು ಮೆಟ್ಟಿಲು ಹತ್ತಿ ಹೋಗಿ ಅವರ ಕಿವಿ ಹಿಂಡುತ್ತಿದ್ದರು. ಆ ದಿನ ತಲೆ ಎತ್ತಲಿಲ್ಲ.

ಒಂದು ಗಂಟೆ ದಾಟಿದ ಮೇಲೆ ತಂಡ ಬಂತು. ಮುಖ್ಯಸ್ಥೆ ರಾಗಿಣಿ ಎಂಬವರು. ಹತ್ತಿ ಸೀರೆ, ಕ್ಯಾನ್ವಾಸ್ ಶೂ, ಸನ್ಮಾನದ ಶಾಲನ್ನು ಕಾರಿನಲ್ಲೇ ಬಿಟ್ಟು ಇಳಿದರು. ಹೊರಗಿನವರೆಂದು ಮೇಷ್ಟ್ರು ಎಣಿಸಿದ್ದವರು ಅಚ್ಚ ಕನ್ನಡದಲ್ಲಿ ಮಾತಾಡಿಸಿದರು. ಕ್ಯಾಂಟೀನಿನ ತೊಟ್ಟಿ, ಮಡಕೆ, ಪೈಪು ಎಲ್ಲವನ್ನೂ ನೀಲಾಂಬಿಕಾ ತೋರಿಸಿದಳು. ಎರಡನೆಯ ತೊಳೆತದ ನೀರೇ ಏಕೆ ಎಂದು ವಿವರಿಸಿದಳು. ರಾಗಿಣಿ ಕೇಳುತ್ತ ಕೇಳುತ್ತ ನಗತೊಡಗಿದರು, ಅದು ಮೆಚ್ಚಿದ ನಗೆ. "ಎಷ್ಟು ಸುಲಭವಾಗಿದೆ ಅಲ್ವಾ? ಎಲ್ಲಾ ಕಾಲೇಜಲ್ಲೂ ಕ್ಯಾಂಟೀನ್ ಇದೆ, ಯಾರಿಗೂ ಹೊಳೆದಿಲ್ಲ ನೋಡಿ" ಎಂದು ಜೊತೆಯವರಿಗೆ ಹೇಳಿದರು. ಮೇಷ್ಟ್ರ ಎದೆ ಒಮ್ಮೆ ಹಗುರಾಯಿತು.

ಆಮೇಲೆ ಅವರು ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಎಲೆ ಮುಟ್ಟಿದರು, ಮಣ್ಣು ಮುಟ್ಟಿದರು. ತಲೆ ಎತ್ತಿ ಮೇಷ್ಟ್ರನ್ನೇ ಕೇಳಿದರು. "ಸಾರ್, ನೀವು ಬಾಟನಿಯೋರು. ಏನಾಗಿದೆ ಈ ಗಿಡಕ್ಕೆ?"

ನೀಲಾಂಬಿಕಾ ಮೇಷ್ಟ್ರ ಕಡೆ ತಿರುಗಿದಳು. ಪ್ರಿನ್ಸಿಪಾಲರೂ ತಿರುಗಿದರು. ಕೊಡೆ ಹಿಡಿದ ಅಟೆಂಡರೂ ನೋಡಿದ. ಮೇಷ್ಟ್ರು ಬಾಯಿ ತೆರೆದರು. ಹೇಳಿದರೆ ಸೀಟು ಹೋಗುತ್ತದೆ, ಹೇಳದಿದ್ದರೆ ಉಳಿಯಬಹುದು ಎಂದು ಮನಸ್ಸು ಒಂದೇ ಸಮನೆ ಜಪಿಸುತ್ತಿತ್ತು. ಅವರು ಬಾಯಿ ಮುಚ್ಚಿಕೊಂಡರು.

"ಬಿಸಿಲಿಗೆ ಸ್ವಲ್ಪ ಬಾಡಿದೆ ಮೇಡಂ, ಸಂಜೆ ಸರಿ ಹೋಗತ್ತೆ" ಎಂದರು ಪ್ರಿನ್ಸಿಪಾಲರು.

ರಾಗಿಣಿ ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎತ್ತಿದರು. ಹೊಂಗೆ ಸಲೀಸಾಗಿ ಮೇಲೆ ಬಂತು.

ಅವರು ಮುರಿದ ಬೇರನ್ನು ಸ್ವಲ್ಪ ಹೊತ್ತು ನೋಡಿ, ಗಿಡವನ್ನು ಸುಣ್ಣದ ಗೆರೆಯ ಪಕ್ಕ ಮಲಗಿಸಿ, ಕೈ ಒರೆಸಿಕೊಂಡು ಎದ್ದರು. "ಯಾರೋ ಕಿತ್ತುಬಿಟ್ರು ಅಂತ ನೀವೇ ಹೇಳಿದ್ರೆ ಇವಳ ಹೆಸರನ್ನ ನಾನೇ ಮೊದಲು ಬರೀತಿದ್ದೆ ಸಾರ್. ಗಿಡ ಹೋದ್ರೂ ಕೆಲಸ ಕಣ್ಮುಂದೆ ಇದೆ. ನೀವು ನಿಲ್ಲಿಸಿ ತೋರಿಸಿದ್ರಿ. ಮಿಕ್ಕಿದ್ದನ್ನೆಲ್ಲ ನಾನು ಹ್ಯಾಗೆ ನಂಬಲಿ?"

ಆಗ ಮೇಷ್ಟ್ರಿಗೆ ಮಾತು ಬಂತು. ಹುಡುಗಿಯದೇನೂ ತಪ್ಪಿಲ್ಲ ಎಂದರು, ಬೆಟ್ಟಯ್ಯ ಎಂದರು, ಬೆಳಿಗ್ಗೆ ಎಂದರು. ಅವರ ದನಿ ಎಂದಿನ ಎತ್ತರಕ್ಕೆ ಏರಿತು. ಪ್ರಿನ್ಸಿಪಾಲರು ಊಟಕ್ಕೆ ಏಳಿ ಎಂದು ಕೈ ಮುಗಿದರು. ರಾಗಿಣಿ ಎರಡನ್ನೂ ಕೇಳಿಸಿಕೊಂಡು, ನೀಲಾಂಬಿಕಾಳ ಭುಜ ಒಮ್ಮೆ ತಟ್ಟಿ, ಕಾರು ಹತ್ತಿದರು. ಆ ಕಾಲೇಜಿನ ಹೆಸರು ಪಟ್ಟಿಯಿಂದ ಹೋಯಿತು.

ಮಧ್ಯಾಹ್ನ ಶಾಮಿಯಾನ ಬಿಚ್ಚುತ್ತಿದ್ದರು. ಮೇಷ್ಟ್ರು ಪೋರ್ಟಿಕೋ ಮೆಟ್ಟಿಲ ಮೇಲೆ ಕೂತು ಪ್ರಿನ್ಸಿಪಾಲರನ್ನು ಬೈದರು, ಟ್ರಸ್ಟನ್ನು ಬೈದರು, ತಡವಾಗಿ ಬಂದ ತಂಡವನ್ನೂ, ಕೆಂಗೇರಿಯ ಸನ್ಮಾನವನ್ನೂ ಬೈದರು. ಎರಡು ಮೆಟ್ಟಿಲು ಕೆಳಗೆ ಕೂತಿದ್ದ ನೀಲಾಂಬಿಕಾ ಎಲ್ಲ ಮುಗಿಯುವ ತನಕ ಕಾದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ. ತಿಳಿಯಬೇಕೆಂದೇ ಕೇಳಿದಳು.

"ಎಲ್ಲಾರಿಗೂ ಬೈತೀರಲ್ರಿ ಸರ. ಅಕಿ ಕೇಳಿದಾಗ ಒಂದ ಮಾತ ಖರೇ ಹೇಳಾಕ ಏನಾಗಿತ್ರಿ?"

"ನಿನಗೋಸ್ಕರ ಕಣಮ್ಮ" ಎಂದರು ಮೇಷ್ಟ್ರು. ದನಿ ಅವರಿಗೇ ಕೇಳಿಸಲಿಲ್ಲ. "ನಿನ್ನ ಸೀಟು ಹೋಗ್ಬಾರ್ದು ಅಂತ..."

"ನನ್ನ ಸಲುವಾಗಿ ಅನಬ್ಯಾಡ್ರಿ ಸರ" ಎಂದಳು ಅವಳು, ಚೀಲ ಹೆಗಲಿಗೆ ಹಾಕಿಕೊಳ್ಳುತ್ತ. "ನನ್ನನ್ನ ನೀವು ಕೇಳೇ ಇಲ್ಲ."